ಕ್ರಿಸ್‌ಮಸ್ ಊಟಕ್ಕೆ ಏನು ಮಾಡೋಣ? ಮೆನು ಹಾಕುವುದರಿಂದ ಮಿಕ್ಕಿದ್ದು ಎತ್ತಿಡುವವರೆಗೆ

ಡಿಸೆಂಬರ್ ಬಂತೆಂದರೆ ಹಬ್ಬ ಮಾಡುವ ಮನೆಗಳಲ್ಲಿ ಇದೇ ಮಾತು. ಈ ಸಲ ಏನು ಮಾಡೋಣ? ಒಬ್ಬರಿಗೆ ಟರ್ಕಿ ಕೋಳಿ ಬೇಕು, ಇನ್ನೊಬ್ಬರಿಗೆ ಹ್ಯಾಮ್, ಅಂದರೆ ಉಪ್ಪು ಹಾಕಿ ಹದ ಮಾಡಿದ ಹಂದಿ ತೊಡೆ. ಮಕ್ಕಳಿಗೆ ಆಲೂಗಡ್ಡೆ ಇದ್ದರೆ ಸಾಕು. ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ. ಕೊನೆಗೆ ಹಬ್ಬದ ದಿನ ಎಲ್ಲರೂ ಊಟಕ್ಕೆ ಕೂತಿರುತ್ತಾರೆ, ಅಡುಗೆ ಮಾಡಿದವರು ಮಾತ್ರ ಇನ್ನೂ ಒಲೆಯ ಮುಂದೆ ನಿಂತಿರುತ್ತಾರೆ.

ಹೀಗಾಗಬಾರದು. ಅಡುಗೆ ಮಾಡಿದವರೂ ಎಲ್ಲರ ಜೊತೆ ಕೂತು ಬಿಸಿ ಬಿಸಿ ಉಣ್ಣುವಂತಿದ್ದರೆ ಅದೇ ಒಳ್ಳೆಯ ಮೆನು. ಈ ಮಾರ್ಗದರ್ಶಿಯಲ್ಲಿ ಬರುವ ಪ್ರತಿ ಹೆಜ್ಜೆಯನ್ನೂ ಅದಕ್ಕಾಗಿಯೇ ಜೋಡಿಸಿದ್ದೇನೆ. ಲೆಕ್ಕ ಎಲ್ಲಾ 8 ಜನರಿಗೆ. ನಿಮ್ಮ ಮನೆಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಮೊದಲು ಓವನ್ ನೋಡಿ, ಆಮೇಲೆ ಮೆನು

ಹೆಚ್ಚಿನವರು ರೆಸಿಪಿ ಹುಡುಕುವುದರಿಂದ ಶುರು ಮಾಡುತ್ತಾರೆ. ನೀವು ಓವನ್ ಬಾಗಿಲು ತೆಗೆದು ನೋಡುವುದರಿಂದ ಶುರು ಮಾಡಿ. ಒಳಗೆ ಎಷ್ಟು ಟ್ರೇ ಹಿಡಿಯುತ್ತದೆ? ನಿಮ್ಮಲ್ಲಿರುವ ದೊಡ್ಡ ಟ್ರೇ ಒಳಗೆ ಹೋಗಿ ಬಾಗಿಲು ಸರಿಯಾಗಿ ಮುಚ್ಚುತ್ತದಾ? ಒಲೆಯ ಮೇಲೆ ಎಷ್ಟು ಬರ್ನರ್ ಇವೆ? ಫ್ರಿಜ್‌ನಲ್ಲಿ ದೊಡ್ಡ ಪಾತ್ರೆ ಎರಡು ಮೂರು ದಿನ ಇಡುವಷ್ಟು ಜಾಗ ಇದೆಯಾ?

ಒಂದು ಹಾಳೆಯಲ್ಲಿ ಮೂರು ಕಾಲಂ ಗೀರಿ. ಓವನ್‌ನಲ್ಲಿ ಆಗುವುದು, ಒಲೆಯ ಮೇಲೆ ಆಗುವುದು, ತಣ್ಣಗೆ ಬಡಿಸುವುದು. ಮನಸ್ಸಿನಲ್ಲಿರುವ ಪ್ರತಿ ಅಡುಗೆಯನ್ನೂ ಒಂದೊಂದು ಕಾಲಂಗೆ ಹಾಕಿ. ಓವನ್ ಕಾಲಂನಲ್ಲಿ ಐದಾರು ಹೆಸರು ಬಂದರೆ ಆ ಮೆನು ನಡೆಯುವುದಿಲ್ಲ. ಕೊನೆಯ ಒಂದು ಗಂಟೆಯಲ್ಲಿ ಓವನ್ ಬೇಕೆನ್ನುವ ಅಡುಗೆ ಎರಡೇ ಇರಲಿ, ಹೆಚ್ಚೆಂದರೆ ಮೂರು. ಉಳಿದದ್ದು ಹಿಂದಿನ ದಿನವೇ ಮುಗಿಯಬೇಕು, ಇಲ್ಲವೇ ಒಲೆಯ ಮೇಲೆ ಹತ್ತು ನಿಮಿಷದಲ್ಲಿ ಆಗಬೇಕು.

ಐಟಂಗಳ ಸಂಖ್ಯೆ ಜಾಸ್ತಿ ಬೇಡ. ಒಂದು ಮುಖ್ಯ ಅಡುಗೆ, ಒಂದು ಗ್ರೇವಿ, ಆಲೂಗಡ್ಡೆ, ಎರಡು ತರಕಾರಿ, ಒಂದು ಹುಳಿ ಸಾಸ್, ಒಂದು ಸಿಹಿ. ಇಷ್ಟಿದ್ದರೆ ತಟ್ಟೆ ತುಂಬುತ್ತದೆ. ಹನ್ನೆರಡು ಬಗೆಯನ್ನು ಅರೆಬರೆ ಬಿಸಿಯಾಗಿ ಬಡಿಸುವುದಕ್ಕಿಂತ ಏಳನ್ನು ಸರಿಯಾಗಿ ಮಾಡುವುದು ಮೇಲು.

ಮುಖ್ಯ ಅಡುಗೆ ಯಾವುದು?

ಟರ್ಕಿ ಇಲ್ಲದಿದ್ದರೆ ಕ್ರಿಸ್‌ಮಸ್ ಊಟವೇ ಅಲ್ಲ ಅನ್ನುವವರಿದ್ದಾರೆ. ಜಗತ್ತನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಟರ್ಕಿ ಅಮೆರಿಕ ಖಂಡದ ಹಕ್ಕಿ, ಯುರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ. ಅದಾದ ಮೇಲೂ ಬಹಳ ಕಾಲ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಹಬ್ಬಕ್ಕೆ ಬಾತುಕೋಳಿಯ ಜಾತಿಯ ಗೂಸ್ ಬೇಯುತ್ತಿತ್ತು. ಪೋಲೆಂಡಿನಲ್ಲಿ ಡಿಸೆಂಬರ್ 24ರ ರಾತ್ರಿಯೇ ದೊಡ್ಡ ಊಟ. ಅಲ್ಲಿ 12 ಬಗೆ ಮಾಡುವ ಪದ್ಧತಿ ಇದೆ, ಅದರಲ್ಲಿ ಮಾಂಸ ಇರುವುದಿಲ್ಲ. ಇಟಲಿಯ ಅನೇಕ ಮನೆಗಳಲ್ಲಿ ಆ ರಾತ್ರಿ ಮೀನು. ಪೋರ್ಚುಗಲ್‌ನಲ್ಲಿ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಜರ್ಮನಿಯಲ್ಲಿ 24ರಂದು ಸುಮ್ನೆ ಸಾಸೇಜ್ ಮತ್ತು ಆಲೂಗಡ್ಡೆ ಸಲಾಡ್ ಮಾಡಿ ಮುಗಿಸುವ ಮನೆಗಳೇ ಬೇಕಾದಷ್ಟಿವೆ. ಆಸ್ಟ್ರೇಲಿಯಾದಲ್ಲಿ ಡಿಸೆಂಬರ್ ಅಂದರೆ ಬೇಸಿಗೆ, ಹಾಗಾಗಿ ತಣ್ಣಗಿನ ಸಿಗಡಿ, ಹ್ಯಾಮ್, ಮೇಲೆ ಪಾವ್ಲೋವಾ ಅನ್ನುವ ಮೊಟ್ಟೆಯ ಬಿಳಿಯ ಸಿಹಿ. ಜಪಾನಿನಲ್ಲಿ ಕರಿದ ಚಿಕನ್ ತಿನ್ನುವುದು 1970ರ ದಶಕದಿಂದ ರೂಢಿಯಾಗಿದೆ. ಎಲ್ಲರೂ ಹಬ್ಬವನ್ನೇ ಮಾಡುತ್ತಿದ್ದಾರೆ. ಹಾಗಾಗಿ ನಿಮ್ಮ ಓವನ್‌ಗೂ ಕೈಗೂ ಒಗ್ಗುವುದನ್ನು ಧೈರ್ಯವಾಗಿ ಆರಿಸಿಕೊಳ್ಳಿ.

6 ಜನಕ್ಕಿಂತ ಕಡಿಮೆ ಇದ್ದರೆ ಟರ್ಕಿ ಬೇಡ. 8 ಜನ ಇದ್ದಾಗಲೂ, ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಎರಡು ಕೋಳಿ. ತಲಾ 1.8 ಕಿಲೋ ತೂಗುವ ಎರಡು ಇಡೀ ಕೋಳಿಗಳು ಅಕ್ಕಪಕ್ಕ ಒಂದೇ ಟ್ರೇಯಲ್ಲಿ ಕೂರುತ್ತವೆ. 200 ಡಿಗ್ರಿಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆಯಲ್ಲಿ ಬೇಯುತ್ತವೆ. ನಾಲ್ಕು ಕಾಲು ಸಿಗುತ್ತವೆ, ಕಾಲಿಗಾಗಿ ಜಗಳ ಇಲ್ಲ. ಒಣಗಿಹೋಗುವ ಭಯವೂ ಕಡಿಮೆ.

ಟರ್ಕಿಯೇ ಬೇಕೆಂದರೆ ಒಬ್ಬರಿಗೆ ಮೂಳೆ ಸಮೇತ 600 ಗ್ರಾಂ ಲೆಕ್ಕ ಹಾಕಿ. 8 ಜನಕ್ಕೆ 5 ಕಿಲೋ. ಹತ್ತು ಕಿಲೋದ ಒಂದು ಹಕ್ಕಿಗಿಂತ ಐದು ಕಿಲೋದ ಎರಡು ಹಕ್ಕಿ ಯಾವಾಗಲೂ ಚೆನ್ನಾಗಿ ಬೇಯುತ್ತವೆ, ಎರಡು ಓವನ್ ಇದ್ದರೆ.

ಹ್ಯಾಮ್ ಎಲ್ಲಕ್ಕಿಂತ ಸುಲಭ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಹ್ಯಾಮ್ ಮೊದಲೇ ಬೆಂದಿರುತ್ತದೆ, ಆದರೂ ಪ್ಯಾಕೆಟ್ ಮೇಲೆ ಓದಿ ಖಾತ್ರಿ ಮಾಡಿಕೊಳ್ಳಿ. ಬೆಂದ ಹ್ಯಾಮ್ ಆದರೆ 160 ಡಿಗ್ರಿಯಲ್ಲಿ ಫಾಯಿಲ್ ಮುಚ್ಚಿ, ಒಳಗಿನ ಬಿಸಿ 60 ಡಿಗ್ರಿ ಆಗುವವರೆಗೆ ಇಟ್ಟರೆ ಸಾಕು. ಕೊನೆಯ 20 ನಿಮಿಷ ಫಾಯಿಲ್ ತೆಗೆದು ಕಂದು ಸಕ್ಕರೆ, ಸಾಸಿವೆ, ಸ್ವಲ್ಪ ವಿನೆಗರ್ ಬೆರೆಸಿ ಸವರಿ. ಇದನ್ನು ಮೊದಲೇ ಸವರಿದರೆ ಸಕ್ಕರೆ ಸುಟ್ಟು ಕಹಿಯಾಗುತ್ತದೆ.

ಇಲ್ಲಿಂದ ಮುಂದೆ ಟರ್ಕಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ತೊಂದರೆ ಜಾಸ್ತಿ ಬರುವುದು ಅದರಲ್ಲೇ. ಕೋಳಿಗೂ ಇದೇ ಕ್ರಮ, ಸಮಯ ಮಾತ್ರ ಕಡಿಮೆ.

ಕರಗಿಸುವುದು, ಉಪ್ಪು ಹಚ್ಚುವುದು

ಹಬ್ಬದ ದಿನ ಬೆಳಗ್ಗೆ ಹಕ್ಕಿ ಇನ್ನೂ ಕಲ್ಲಿನ ಹಾಗಿದ್ದರೆ ಏನು ಮಾಡಿದರೂ ಊಟ ತಡ. ಫ್ರಿಜ್‌ನಲ್ಲಿ ಕರಗಲು ಪ್ರತಿ 2 ಕಿಲೋಗೆ ಒಂದು ದಿನ ಬೇಕು. 5 ಕಿಲೋ ಹಕ್ಕಿಗೆ ಎರಡೂವರೆ ದಿನ, ಮೂರು ದಿನ ಅಂತಲೇ ಇಟ್ಟುಕೊಳ್ಳಿ. ಅದರ ಮೇಲೆ ಉಪ್ಪಿಗೆ ಒಂದು ದಿನ. ಅಂದರೆ 25ರ ಊಟಕ್ಕೆ 21ರ ಬೆಳಗ್ಗೆಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಬರಬೇಕು. ಅಂಚಿರುವ ಟ್ರೇಯಲ್ಲಿಟ್ಟು ಕೆಳಗಿನ ಅರೆಯಲ್ಲಿಡಿ. ಹಸಿ ಮಾಂಸದ ನೀರು ಬೇರೆ ಪದಾರ್ಥದ ಮೇಲೆ ತೊಟ್ಟಿಕ್ಕಬಾರದು.

ಮರೆತುಹೋದರೆ ದಾರಿ ಇದೆ. ಪ್ಲಾಸ್ಟಿಕ್ ಕವರ್ ಬಿಚ್ಚದೆ, ನೀರು ಒಳಗೆ ಹೋಗದ ಹಾಗೆ ನೋಡಿಕೊಂಡು ತಣ್ಣೀರಿನಲ್ಲಿ ಮುಳುಗಿಸಿಡಿ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಕಿಲೋಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಹೀಗೆ ಕರಗಿಸಿದ್ದನ್ನು ಕೂಡಲೇ ಬೇಯಿಸಬೇಕು. ಅಡುಗೆಮನೆ ಕಟ್ಟೆಯ ಮೇಲೆ ರಾತ್ರಿಯಿಡೀ ಇಡುವುದು ಮಾತ್ರ ಬೇಡವೇ ಬೇಡ. ಒಳಗೆ ಐಸ್ ಇರುವಾಗಲೇ ಹೊರಗಿನ ಮಾಂಸದಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಶುರುವಾಗಿರುತ್ತದೆ.

ಹಸಿ ಹಕ್ಕಿಯನ್ನು ನಲ್ಲಿ ಕೆಳಗೆ ತೊಳೆಯುವ ಅಭ್ಯಾಸ ಅನೇಕರಿಗಿದೆ. ಇದರಿಂದ ಸಿಂಕ್, ಕಟ್ಟೆ, ಪಕ್ಕದಲ್ಲಿರುವ ಸೊಪ್ಪು ಎಲ್ಲಕ್ಕೂ ಕೊಳೆ ಹನಿ ಸಿಡಿಯುತ್ತದೆ. ಬ್ಯಾಕ್ಟೀರಿಯಾ ಸಾಯುವುದು ಓವನ್ ಬಿಸಿಗೆ, ನೀರಿಗಲ್ಲ. ಪೇಪರ್ ಟವೆಲ್‌ನಿಂದ ಒರೆಸಿದರೆ ಸಾಕು. ಹೊಟ್ಟೆಯೊಳಗೆ ಚೀಲದಲ್ಲಿ ಕತ್ತು, ಲಿವರ್ ಇಟ್ಟಿರುತ್ತಾರೆ. ಅದನ್ನು ಮರೆಯದೆ ತೆಗೆಯಿರಿ. ಕತ್ತನ್ನು ಗ್ರೇವಿಗೆ ಎತ್ತಿಡಿ.

ಈಗ ಉಪ್ಪು. ಇಡೀ ಊಟದಲ್ಲಿ ರುಚಿಗೆ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. ಪ್ರತಿ ಕಿಲೋಗೆ 10 ಗ್ರಾಂ ಉಪ್ಪು ತೂಗಿ, ಕಾಳುಮೆಣಸಿನ ಪುಡಿ, ಒಣಗಿದ ಥೈಮ್ ಸೊಪ್ಪು ಬೆರೆಸಿ. ಹಕ್ಕಿಯ ಮೇಲೆಲ್ಲಾ ಹಚ್ಚಿ, ಎದೆ ಮತ್ತು ತೊಡೆಯ ದಪ್ಪ ಭಾಗಕ್ಕೆ ಸ್ವಲ್ಪ ಹೆಚ್ಚು. ಮುಚ್ಚದೆ ಹಾಗೇ ಫ್ರಿಜ್‌ನಲ್ಲಿ ಒಂದು ದಿನ ಇಡಿ. ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ. ಆ ನೀರಿನಲ್ಲೇ ಕರಗಿ ಮತ್ತೆ ಒಳಗಿಳಿಯುತ್ತದೆ. ಒಳಗೆ ಹೋದ ಉಪ್ಪು ಮಾಂಸದ ಪ್ರೋಟೀನನ್ನು ಸಡಿಲ ಮಾಡುತ್ತದೆ, ಬೇಯುವಾಗ ರಸ ಹಿಂಡಿಹೋಗುವುದು ಕಡಿಮೆಯಾಗುತ್ತದೆ. ಮುಚ್ಚದೆ ಇಟ್ಟದ್ದರಿಂದ ಚರ್ಮ ಒಣಗುತ್ತದೆ. ಒಣ ಚರ್ಮವೇ ಗರಿಗರಿ ಆಗುವುದು. ಬಕೆಟ್ ಉಪ್ಪುನೀರಿನಲ್ಲಿ ಮುಳುಗಿಸಿಡುವ ವಿಧಾನವೂ ಇದೆ. ಅದಕ್ಕೆ ಜಾಗ ಬೇಕು, ಮಾಂಸ ನೀರು ಕುಡಿದು ರುಚಿ ತೆಳುವಾಗುತ್ತದೆ. ನನಗೆ ಒಣ ಉಪ್ಪೇ ಇಷ್ಟ.

ಒಂದು ಎಚ್ಚರಿಕೆ. ಕೆಲವು ಟರ್ಕಿಗೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ. ಲೇಬಲ್‌ನಲ್ಲಿ ಉಪ್ಪಿನ ದ್ರಾವಣ ಅಂತ ಇದ್ದರೆ ಮತ್ತೆ ಉಪ್ಪು ಹಚ್ಚಬೇಡಿ, ಬರೀ ಮೆಣಸು ಬೆಣ್ಣೆ ಸಾಕು.

ಬೇಯಿಸುವುದು

ಟರ್ಕಿ ಒಣಗುವುದಕ್ಕೆ ಕಾರಣ ಇದೆ. ಎದೆಯ ಮಾಂಸ 74 ಡಿಗ್ರಿ ದಾಟಿದಂತೆ ಹಿಂಜಿಹಿಂಜಿಯಾಗಿ ಒಣಗುತ್ತದೆ. ತೊಡೆಯಲ್ಲಿ ನಾರು ಜಾಸ್ತಿ, ಅದು ಮೆತ್ತಗಾಗಲು 80 ಡಿಗ್ರಿ ಹತ್ತಿರ ಹೋಗಬೇಕು. ಎರಡೂ ಒಂದೇ ಹಕ್ಕಿಯಲ್ಲಿವೆ. ತೊಡೆ ಬೇಯಲಿ ಅಂತ ಕಾದರೆ ಎದೆ ಕೆಟ್ಟಿತು, ಎದೆಗೆ ನಿಲ್ಲಿಸಿದರೆ ತೊಡೆ ರಬ್ಬರ್. ತೊಡೆಗೆ ಬಿಸಿ ಬೇಗ ತಗಲುವಂತೆ ಮಾಡಬೇಕು, ಎದೆಗೆ ಸ್ವಲ್ಪ ಮರೆ ಮಾಡಬೇಕು.

ಇದಕ್ಕೆ ಅತ್ಯುತ್ತಮ ದಾರಿ, ಬೆನ್ನೆಲುಬು ತೆಗೆದು ಹಕ್ಕಿಯನ್ನು ಚಪ್ಪಟೆ ಮಾಡುವುದು. ಗಟ್ಟಿ ಕತ್ತರಿಯಿಂದ ಬೆನ್ನಿನ ಎರಡೂ ಬದಿ ಕತ್ತರಿಸಿ ಮೂಳೆ ತೆಗೆಯಿರಿ. ತಿರುಗಿಸಿ ಎದೆಯ ಮಧ್ಯೆ ಅಂಗೈಯಿಂದ ಜೋರಾಗಿ ಒತ್ತಿ. ಟಕ್ ಅಂತ ಮೂಳೆ ಮುರಿದು ಹಕ್ಕಿ ಪುಸ್ತಕ ತೆರೆದಂತೆ ಮಲಗುತ್ತದೆ. ಈಗ ತೊಡೆ ಅಂಚಿಗೆ ಬಂದು ಬೇಗ ಬೇಯುತ್ತದೆ, ಚರ್ಮವೆಲ್ಲಾ ಮೇಲಿರುತ್ತದೆ. 5 ಕಿಲೋ ಹಕ್ಕಿ 220 ಡಿಗ್ರಿಯಲ್ಲಿ ಒಂದೂವರೆ ಗಂಟೆ ಆಸುಪಾಸಿನಲ್ಲಿ ಮುಗಿಯುತ್ತದೆ. ಕತ್ತರಿಸುವಾಗ ಕೈ ಸೋತರೆ ಮಾಂಸದ ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಆ ಬೆನ್ನೆಲುಬನ್ನು ಬಿಡಬೇಡಿ, ಗ್ರೇವಿಗೆ ಬೇಕು.

ಇಡೀ ಹಕ್ಕಿಯೇ ಮೇಜಿನ ಮೇಲೆ ಬರಬೇಕು ಅನ್ನುವ ಮನೆಗಳಿವೆ. ಅದೂ ಹಬ್ಬದ ಸಂತೋಷವೇ. ಹಾಗಾದರೆ 165 ಡಿಗ್ರಿಯಲ್ಲಿ ಬೇಯಿಸಿ. 5 ಕಿಲೋಗೆ ಎರಡೂಮುಕ್ಕಾಲರಿಂದ ಮೂರು ಗಂಟೆ. ಟ್ರೇಯಲ್ಲಿ ಜಾಲರಿ ಇಟ್ಟು ಅದರ ಮೇಲೆ ಕೂರಿಸಿ, ಕೆಳಗೂ ಬಿಸಿ ಗಾಳಿ ಆಡಲಿ. ಜಾಲರಿ ಇಲ್ಲದಿದ್ದರೆ ದಪ್ಪ ಕ್ಯಾರೆಟ್, ಈರುಳ್ಳಿ ಹೋಳು ಹಾಸಿ. ಮೇಲೆ ಎಣ್ಣೆ ಅಥವಾ ಕರಗಿದ ಬೆಣ್ಣೆ ಸವರಿ. ಹೊಟ್ಟೆಯೊಳಗೆ ಅರ್ಧ ನಿಂಬೆ, ಒಂದು ಈರುಳ್ಳಿ, ಥೈಮ್ ಕಡ್ಡಿ ಸಾಕು, ಗಿಡಿದು ತುಂಬಬೇಡಿ. ಎದೆ ಬೇಗ ಕಂದಾದರೆ ಆ ಭಾಗಕ್ಕೆ ಮಾತ್ರ ಫಾಯಿಲ್ ಹೊದಿಸಿ. ಓವನ್‌ನಲ್ಲಿ ಫ್ಯಾನ್ ಓಡುತ್ತಿದ್ದರೆ ನಾನು ಹೇಳಿದ ಓವನ್ ಡಿಗ್ರಿಗಳಿಂದ 20 ಕಳೆಯಿರಿ, ಮಾಂಸದ ಒಳಗಿನ ಡಿಗ್ರಿಯಿಂದ ಅಲ್ಲ.

ಅರ್ಧ ಗಂಟೆಗೊಮ್ಮೆ ಬಾಗಿಲು ತೆಗೆದು ರಸ ಸುರಿಯುವುದು ಬೇಡ. ಸುರಿದ ರಸ ಮಾಂಸದೊಳಗೆ ಹೋಗುವುದಿಲ್ಲ, ಒಣಗಿದ ಚರ್ಮ ಒದ್ದೆಯಾಗುತ್ತದೆ. ಪ್ರತಿ ಸಲ ಓವನ್ ಬಿಸಿಯೂ ಇಳಿಯುತ್ತದೆ.

ಬೆಂದಿತೋ ಇಲ್ಲವೋ ಅಂತ ಹೇಳುವುದು ಗಡಿಯಾರ ಅಲ್ಲ, ಥರ್ಮಾಮೀಟರ್. ಈ ಹಬ್ಬಕ್ಕೆ ಒಂದೇ ಒಂದು ಹೊಸ ಸಾಮಾನು ಕೊಳ್ಳುವುದಾದರೆ ಮಾಂಸಕ್ಕೆ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಎದೆಯ ದಪ್ಪ ಭಾಗಕ್ಕೆ ಪಕ್ಕದಿಂದ ಚುಚ್ಚಿ, ಆಮೇಲೆ ತೊಡೆ ಮೈಗೆ ಸೇರುವ ಒಳಭಾಗಕ್ಕೆ. ತುದಿ ಮೂಳೆಗೆ ತಾಗಬಾರದು, ತಾಗಿದರೆ ತಪ್ಪು ಅಂಕಿ ಬರುತ್ತದೆ. ಎಲ್ಲಾ ಕಡೆ ಕಡಿಮೆಯೆಂದರೂ 74 ಡಿಗ್ರಿ ಬಂದಿರಬೇಕು, ತೊಡೆ 80ರ ಹತ್ತಿರ ಇದ್ದರೆ ಮೆತ್ತಗಿರುತ್ತದೆ. ಲೆಕ್ಕದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ನೋಡಲು ಶುರು ಮಾಡಿ. ರಸ ತಿಳಿಯಾಗಿದೆ, ಕಾಲು ಅಲ್ಲಾಡುತ್ತದೆ ಅನ್ನುವ ಗುರುತುಗಳನ್ನೇ ನಂಬಬೇಡಿ.

ಹೊರಗೆ ತೆಗೆದ ಮೇಲೆ ಫಾಯಿಲನ್ನು ಸಡಿಲವಾಗಿ ಹೊದಿಸಿ 40 ನಿಮಿಷದಿಂದ ಒಂದು ಗಂಟೆ ಸುಮ್ನೆ ಬಿಡಿ. ಕೂಡಲೇ ಕತ್ತರಿಸಿದರೆ ರಸವೆಲ್ಲಾ ಹಲಗೆ ಮೇಲೆ ಹರಿದುಹೋಗುತ್ತದೆ. ಇಷ್ಟು ದೊಡ್ಡ ಮಾಂಸ ಒಂದು ಗಂಟೆಯಲ್ಲಿ ತಣ್ಣಗಾಗುವುದಿಲ್ಲ, ಹೆದರಬೇಡಿ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಈ ಒಂದು ಗಂಟೆ ಓವನ್ ಖಾಲಿ! ಆಲೂಗಡ್ಡೆ, ತರಕಾರಿ ಎಲ್ಲಾ ಆಗಲೇ ಒಳಗೆ ಹೋಗುವುದು. ಇಡೀ ಊಟದ ವೇಳಾಪಟ್ಟಿ ನಿಂತಿರುವುದೇ ಈ ಒಂದು ಗಂಟೆಯ ಮೇಲೆ.

ಗ್ರೇವಿ ಹಿಂದಿನ ದಿನವೇ

ಗ್ರೇವಿಯನ್ನು ಕೊನೇ ಗಳಿಗೆಗೆ ಬಿಡುವುದೇ ಎಲ್ಲಾ ಗಡಿಬಿಡಿಗೆ ಮೂಲ. ಅತಿಥಿಗಳು ಕೂತಿದ್ದಾರೆ, ಟ್ರೇಯಲ್ಲಿ ಹಿಟ್ಟು ಗಂಟು ಕಟ್ಟುತ್ತಿದೆ. ಇದು ಬೇಕಾ?

ಒಂದು ಕಿಲೋ ಕೋಳಿ ರೆಕ್ಕೆ, ಟರ್ಕಿಯ ಕತ್ತು, ಬೆನ್ನೆಲುಬು ಇದ್ದರೆ ಅದೂ, ಎರಡು ಈರುಳ್ಳಿ, ಎರಡು ಕ್ಯಾರೆಟ್, ಸೆಲರಿ ಒಂದೆರಡು ಕಡ್ಡಿ. ಎಲ್ಲವನ್ನೂ ಟ್ರೇಯಲ್ಲಿ ಹರಡಿ 200 ಡಿಗ್ರಿಯಲ್ಲಿ 45 ನಿಮಿಷ ಚೆನ್ನಾಗಿ ಕಂದು ಮಾಡಿ. ಈ ಕಂದು ಬಣ್ಣವೇ ಗ್ರೇವಿಯ ರುಚಿ. ದೊಡ್ಡ ಪಾತ್ರೆಗೆ ಹಾಕಿ ಎರಡು ಲೀಟರ್ ನೀರು ಸುರಿಯಿರಿ. ಟ್ರೇಗೂ ಸ್ವಲ್ಪ ನೀರು ಹಾಕಿ ಅಂಟಿದ್ದನ್ನೆಲ್ಲಾ ಕೆರೆದು ಪಾತ್ರೆಗೆ ಸೇರಿಸಿ. ಸಣ್ಣ ಉರಿಯಲ್ಲಿ ಎರಡೂವರೆ ಗಂಟೆ ಕುದಿಸಿ ಸೋಸಿ. ಒಂದು ಲೀಟರ್‌ಗಿಂತ ಸ್ವಲ್ಪ ಹೆಚ್ಚು ಸ್ಟಾಕ್ ಸಿಗುತ್ತದೆ.

ಇನ್ನೊಂದು ಪಾತ್ರೆಯಲ್ಲಿ 60 ಗ್ರಾಂ ಬೆಣ್ಣೆ ಕರಗಿಸಿ 60 ಗ್ರಾಂ ಮೈದಾ ಹಾಕಿ. ಹಸಿ ವಾಸನೆ ಹೋಗಿ ತಿಳಿ ಕಂದು ಬರುವವರೆಗೆ ಕೈಯಾಡಿಸಿ. ಒಂದು ಲೀಟರ್ ಸ್ಟಾಕನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಕಲಕಿ. ಹತ್ತು ನಿಮಿಷ ಕುದಿಸಿ, ಆರಿಸಿ, ಫ್ರಿಜ್‌ಗೆ ಇಡಿ. ಈಗ ಉಪ್ಪು ಹಾಕಬೇಡಿ. ಹಬ್ಬದ ದಿನ ಟರ್ಕಿ ಟ್ರೇಯ ರಸ ಇದಕ್ಕೆ ಸೇರುತ್ತದೆ, ಅದರಲ್ಲಿ ಹಚ್ಚಿದ ಉಪ್ಪೆಲ್ಲಾ ಇಳಿದಿರುತ್ತದೆ. ಆ ರಸ ಬೆರೆಸಿ ಕುದಿಸಿದ ಮೇಲೆ ರುಚಿ ನೋಡಿ, ಬೇಕಿದ್ದರೆ ಮಾತ್ರ ಉಪ್ಪು. ಕೊನೆಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ರುಚಿ ಎದ್ದು ಕೂರುತ್ತದೆ. ಒಬ್ಬರಿಗೆ 120 ಎಂಎಲ್ ಲೆಕ್ಕ. ಗ್ರೇವಿ ಮಿಕ್ಕಿ ಬೇಜಾರಾದವರಿಲ್ಲ, ಸಾಲದೆ ಬೇಜಾರಾದವರು ಬೇಕಾದಷ್ಟಿದ್ದಾರೆ.

ಆಲೂಗಡ್ಡೆ

ಮಕ್ಕಳು ಮೊದಲು ಕೈ ಹಾಕುವುದು ಇದಕ್ಕೇ ಅಲ್ವಾ? ಹಾಗಾಗಿ ಕಾಳಜಿಯಿಂದ ಮಾಡಿ. ಬೇಯಿಸಿದರೆ ಹಿಟ್ಟು ಹಿಟ್ಟಾಗುವ ಜಾತಿ ಆರಿಸಿ. 8 ಜನಕ್ಕೆ 2 ಕಿಲೋ. ಸಿಪ್ಪೆ ತೆಗೆದು ದೊಡ್ಡ ಹೋಳು ಮಾಡಿ. ಎರಡು ಲೀಟರ್ ನೀರಿಗೆ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ. ಸೋಡಾ ಹೋಳಿನ ಅಂಚನ್ನು ಮೆತ್ತಗೆ ಮಾಡುತ್ತದೆ. ನೀರು ಬಸಿದು ಐದು ನಿಮಿಷ ಹಬೆ ಆರಲು ಬಿಡಿ. ಆಮೇಲೆ ಮುಚ್ಚಳ ಮುಚ್ಚಿ ಪಾತ್ರೆಯನ್ನು ಜೋರಾಗಿ ಕುಲುಕಿ. ಹೋಳಿನ ಮೈಯೆಲ್ಲಾ ತರಿತರಿಯಾಗಿ ಹಿಟ್ಟು ಬಳಿದಂತೆ ಆಗಬೇಕು. ಈ ತರಿಯೇ ಓವನ್‌ನಲ್ಲಿ ಗರಿಗರಿ ಪದರ ಆಗುವುದು.

ಇಲ್ಲಿಯವರೆಗಿನ ಕೆಲಸ ಹಬ್ಬದ ಬೆಳಗ್ಗೆಯೇ ಮುಗಿಸಿ ಫ್ರಿಜ್‌ನಲ್ಲಿ ಮುಚ್ಚದೆ ಇಡಬಹುದು. ಒಣಗಿದಷ್ಟೂ ಒಳ್ಳೆಯದು. ಬೇಯಿಸುವ ಹೊತ್ತಿಗೆ ಟ್ರೇಯಲ್ಲಿ ಆರು ಚಮಚ ಎಣ್ಣೆ ಅಥವಾ ಬಾತುಕೋಳಿ ಜಿಡ್ಡು ಹಾಕಿ 220 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿ. ಬಿಸಿ ಎಣ್ಣೆಗೆ ಹೋಳು ಹಾಕಿ ಹೊರಳಿಸಿ. ಒಂದಕ್ಕೊಂದು ತಾಗದಂತೆ ಹರಡಿ, ಒತ್ತೊತ್ತಾಗಿ ತುಂಬಿದರೆ ಹಬೆಯಲ್ಲಿ ಬೆಂದು ಮೆತ್ತಗಾಗುತ್ತವೆ. 50 ನಿಮಿಷ, ಮಧ್ಯೆ ಒಮ್ಮೆ ತಿರುವಿ ಹಾಕಿ.

ಪಕ್ಕದ ಅಡುಗೆಗಳು

ಸ್ಟಫಿಂಗ್, ಅಂದರೆ ಮಸಾಲೆ ಸೊಪ್ಪು ಹಾಕಿದ ಬ್ರೆಡ್ ಮಿಶ್ರಣವನ್ನು, ಹಕ್ಕಿಯ ಹೊಟ್ಟೆಯೊಳಗೆ ತುಂಬಬೇಡಿ. ಒಳಗಿನ ಸ್ಟಫಿಂಗ್ 74 ಡಿಗ್ರಿ ಮುಟ್ಟುವಷ್ಟರಲ್ಲಿ ಎದೆ ಒಣಗಿಹೋಗಿರುತ್ತದೆ. ಬೇರೆ ಪಾತ್ರೆಯಲ್ಲಿ ಮಾಡಿದರೆ ಮೇಲ್ಭಾಗ ಗರಿಗರಿಯೂ ಆಗುತ್ತದೆ. ಅರ್ಧ ಕಿಲೋ ಬ್ರೆಡ್ಡನ್ನು ತುಂಡು ಮಾಡಿ ಒಣಗಿಸಿ. 100 ಗ್ರಾಂ ಬೆಣ್ಣೆಯಲ್ಲಿ ಎರಡು ಈರುಳ್ಳಿ, ಮೂರು ಕಡ್ಡಿ ಸೆಲರಿ ಬಾಡಿಸಿ. ಸೇಜ್ ಸೊಪ್ಪು, ಥೈಮ್, ಮೆಣಸು ಹಾಕಿ. ಬ್ರೆಡ್, ಎರಡು ಮೊಟ್ಟೆ, ಅರ್ಧ ಲೀಟರ್ ಸ್ಟಾಕ್ ಬೆರೆಸಿ 180 ಡಿಗ್ರಿಯಲ್ಲಿ 40 ನಿಮಿಷ. ಹಬ್ಬದ ಬೆಳಗ್ಗೆ ಮಾಡಿ ಆರಿಸಿ ಫ್ರಿಜ್‌ನಲ್ಲಿಟ್ಟು, ಊಟಕ್ಕೆ ಮೊದಲು ಫಾಯಿಲ್ ಮುಚ್ಚಿ ಬಿಸಿ ಮಾಡಿ. ಇದಕ್ಕಾಗಿ ಸ್ಟಾಕ್ ಕುದಿಸುವಾಗಲೇ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ.

ಕ್ರ್ಯಾನ್‌ಬೆರಿ ಅನ್ನುವ ಹುಳಿ ಕೆಂಪು ಹಣ್ಣಿನ ಸಾಸ್ ಅತಿ ಸುಲಭ. 350 ಗ್ರಾಂ ಹಣ್ಣು, 200 ಗ್ರಾಂ ಸಕ್ಕರೆ, ಒಂದು ಲೋಟ ನೀರು, ಒಂದು ಕಿತ್ತಳೆಯ ಸಿಪ್ಪೆಯ ತುರಿ. ಹಣ್ಣು ಒಡೆಯುವವರೆಗೆ ಹತ್ತು ನಿಮಿಷ ಕುದಿಸಿದರೆ ಆಯಿತು. ಬಿಸಿಯಲ್ಲಿ ನೀರಾಗಿ ಕಂಡರೂ ಆರಿದಾಗ ತಾನೇ ಗಟ್ಟಿಯಾಗುತ್ತದೆ. ಒಂದು ವಾರ ಮೊದಲೇ ಮಾಡಿ ಫ್ರಿಜ್‌ನಲ್ಲಿಡಬಹುದು. ಹಣ್ಣು ಸಿಗದಿದ್ದರೆ ಹುಳಿ ಸೇಬಿನ ಸಾಸ್ ಮಾಡಿ. ಜಿಡ್ಡಿನ ಊಟಕ್ಕೆ ಹುಳಿ ಬೇಕೇ ಬೇಕು.

ತರಕಾರಿ ಎರಡು ಸಾಕು. ಒಂದು ಓವನ್‌ನದು, ಒಂದು ಒಲೆಯದು. ಕ್ಯಾರೆಟ್ ಉದ್ದಕ್ಕೆ ಸೀಳಿ ಎಣ್ಣೆ ಉಪ್ಪು ಹಚ್ಚಿ ಆಲೂಗಡ್ಡೆಯ ಜೊತೆಗೇ 30 ನಿಮಿಷ. ಬೀನ್ಸನ್ನು ಬೆಳಗ್ಗೆಯೇ ಉಪ್ಪು ನೀರಿನಲ್ಲಿ ನಾಲ್ಕು ನಿಮಿಷ ಕುದಿಸಿ ಐಸ್ ನೀರಿಗೆ ಹಾಕಿ ತೆಗೆದಿಡಿ. ಊಟದ ಹೊತ್ತಿಗೆ ಬೆಣ್ಣೆ, ಬೆಳ್ಳುಳ್ಳಿಯಲ್ಲಿ ಮೂರು ನಿಮಿಷ ಬಾಡಿಸಿದರೆ ಹಸಿರು ಹಸಿರಾಗಿ ಬರುತ್ತದೆ.

ಮಾಂಸ ತಿನ್ನದವರಿಗೆ

ಇವರಿಗೆ ಬರೀ ಪಕ್ಕದ ತರಕಾರಿ ಬಡಿಸಿ ಮುಗಿಸುವ ಮನೆಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅವರೂ ಹಬ್ಬಕ್ಕೇ ಬಂದವರು. ಅವರಿಗೂ ತಟ್ಟೆಯ ಮಧ್ಯೆ ಇಡುವಂಥದ್ದು ಒಂದು ಬೇಕು. ಇಡೀ ಹೂಕೋಸನ್ನು ಉಪ್ಪು ನೀರಿನಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ, ಚೆನ್ನಾಗಿ ನೀರು ಬಸಿದು, ಬೆಣ್ಣೆ, ಬೆಳ್ಳುಳ್ಳಿ, ಸಾಸಿವೆ ಪೇಸ್ಟ್ ಹಚ್ಚಿ 220 ಡಿಗ್ರಿಯಲ್ಲಿ 40 ನಿಮಿಷ ಇಡಿ. ಹೊರಗೆ ಕಂದು, ಒಳಗೆ ಬೆಣ್ಣೆಯಂತೆ. ಇಲ್ಲವೇ ಅಣಬೆ, ಈರುಳ್ಳಿ, ಪಾಲಕ್, ಚೆಸ್ಟ್‌ನಟ್ ಬಾಡಿಸಿ ಪಫ್ ಪೇಸ್ಟ್ರಿಯಲ್ಲಿ ಸುತ್ತಿ ಬೇಕ್ ಮಾಡಿ. ಅಣಬೆಯ ನೀರು ಪೂರ್ತಿ ಆರುವವರೆಗೆ ಹುರಿದರೆ ತಳ ಒದ್ದೆಯಾಗುವುದಿಲ್ಲ.

ಅವರ ಗ್ರೇವಿ ಬೇರೆಯೇ ಮಾಡಿ. ಒಣ ಅಣಬೆ ನೆನೆಸಿದ ನೀರು, ಹುರಿದ ಈರುಳ್ಳಿ, ಒಂದು ಚಮಚ ಸೋಯಾ ಸಾಸ್ ಇದ್ದರೆ ಗಾಢ ರುಚಿ ಬರುತ್ತದೆ. ಆಲೂಗಡ್ಡೆಗೆ ಬಾತುಕೋಳಿ ಜಿಡ್ಡು ಬಿಟ್ಟು ಎಣ್ಣೆ ಹಾಕಿ, ಸ್ಟಫಿಂಗ್‌ಗೆ ತರಕಾರಿ ಸ್ಟಾಕ್ ಹಾಕಿ. ಆಗ ಎಲ್ಲರೂ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳಬಹುದು. ಮೊಟ್ಟೆ, ಬೀಜ, ಗೋಧಿ ಯಾರಿಗಾದರೂ ಆಗುವುದಿಲ್ಲವೇ ಅಂತ ವಾರದ ಮೊದಲೇ ಕೇಳಿಕೊಳ್ಳಿ.

ಸಿಹಿ

ಹಬ್ಬದ ದಿನ ಸಿಹಿಗೆ ಓವನ್ ಕೊಡಬೇಡಿ. ಒಣಹಣ್ಣಿನ ಕೇಕ್, ಕ್ರಿಸ್‌ಮಸ್ ಪುಡಿಂಗ್ ಎರಡೂ ವಾರಗಟ್ಟಲೆ ಮೊದಲೇ ಮಾಡಿಡುವಂಥವು, ಇಟ್ಟಷ್ಟೂ ರುಚಿ. ಪುಡಿಂಗ್ ಇದ್ದರೆ ಒಂದು ಬರ್ನರ್‌ನಲ್ಲಿ ಎರಡು ಗಂಟೆ ಹಬೆಯಲ್ಲಿಡಬೇಕು, ಅದನ್ನು ಲೆಕ್ಕಕ್ಕೆ ಸೇರಿಸಿ.

ಏನೂ ಮಾಡಿಟ್ಟಿಲ್ಲವೆಂದರೆ ಟ್ರೈಫಲ್. ಹಿಂದಿನ ದಿನ ಮಾಡಿದರೇ ಚೆನ್ನ. ಗಾಜಿನ ಬೌಲ್‌ನಲ್ಲಿ ಸ್ಪಂಜ್ ಕೇಕ್ ತುಂಡು, ಮೇಲೆ ಹಣ್ಣಿನ ರಸ, ಹಣ್ಣು. ಆಮೇಲೆ ಕಸ್ಟರ್ಡ್. ಅರ್ಧ ಲೀಟರ್ ಹಾಲಿಗೆ 5 ಮೊಟ್ಟೆಯ ಹಳದಿ, 75 ಗ್ರಾಂ ಸಕ್ಕರೆ, 25 ಗ್ರಾಂ ಕಾರ್ನ್‌ಫ್ಲೋರ್. ಇದು ಗಟ್ಟಿಯಾದ ಕೂಡಲೇ ಇಳಿಸಬೇಡಿ, ಕಲಕುತ್ತಾ ಒಂದು ನಿಮಿಷ ಬುಳುಬುಳು ಕುದಿಯಲು ಬಿಡಿ. ಹಳದಿಯಲ್ಲಿರುವ ಒಂದು ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಕುದಿಸದಿದ್ದರೆ ರಾತ್ರಿ ಗಟ್ಟಿಯಿದ್ದ ಕಸ್ಟರ್ಡ್ ಬೆಳಗ್ಗೆ ನೀರಾಗಿರುತ್ತದೆ. ಆರಿದ ಮೇಲೆ ಸುರಿದು ರಾತ್ರಿಯಿಡೀ ಫ್ರಿಜ್. ಬಡಿಸುವ ಮುಂಚೆ 300 ಎಂಎಲ್ ಕ್ರೀಮ್ ನೊರೆ ಬರಿಸಿ ಮೇಲೆ ಹಾಕಿ.

ಸಂಜೆ 7ಕ್ಕೆ ಊಟ ಎಂದರೆ

ಊಟದ ಸಮಯದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಇಡೀ ಹಕ್ಕಿ, 5 ಕಿಲೋ, ಒಂದೇ ಓವನ್ ಅಂತ ಇಟ್ಟುಕೊಂಡರೆ ಹೀಗಾಗುತ್ತದೆ. ಇದನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

21, ಬೆಳಗ್ಗೆ: ಟರ್ಕಿ ಫ್ರೀಜರ್‌ನಿಂದ ಫ್ರಿಜ್‌ಗೆ.
22: ಕ್ರ್ಯಾನ್‌ಬೆರಿ ಸಾಸ್. ಸ್ಟಾಕ್ ಕುದಿಸಿ ಸೋಸಿಡುವುದು. ಕತ್ತು ಇನ್ನೂ ಸಿಗದಿದ್ದರೆ ರೆಕ್ಕೆ ಸಾಕು.
24: ಬೆಳಗ್ಗೆ ಟರ್ಕಿಗೆ ಉಪ್ಪು. ಮಧ್ಯಾಹ್ನ ಗ್ರೇವಿ, ಟ್ರೈಫಲ್. ಸಂಜೆ ತಟ್ಟೆ, ಬಡಿಸುವ ಪಾತ್ರೆ, ಸೌಟು ಎಲ್ಲಾ ಹೊರಗೆ ತೆಗೆದಿಟ್ಟು, ಯಾವುದರಲ್ಲಿ ಏನು ಅಂತ ಚೀಟಿ ಹಾಕಿಡಿ.
25, ಬೆಳಗ್ಗೆ: ಸ್ಟಫಿಂಗ್ ಬೇಕ್ ಮಾಡುವುದು, ಆಲೂಗಡ್ಡೆ ಅರೆಬೇಯಿಸುವುದು, ಬೀನ್ಸ್ ಕುದಿಸುವುದು.
2:30: ಓವನ್ ಹಚ್ಚಿ, 165 ಡಿಗ್ರಿ.
3:00: ಟರ್ಕಿ ಒಳಗೆ. ಈಗ ಎರಡು ಗಂಟೆ ನಿಮ್ಮದು. ಸ್ನಾನ ಮಾಡಿ, ಅತಿಥಿಗಳ ಜೊತೆ ಕೂರಿ.
5:20: ಥರ್ಮಾಮೀಟರ್‌ನಿಂದ ಮೊದಲ ಪರೀಕ್ಷೆ.
5:45ರಿಂದ 6:00: ಟರ್ಕಿ ಹೊರಗೆ, ಫಾಯಿಲ್ ಹೊದಿಕೆ. ಓವನ್ 220ಕ್ಕೆ.
6:05: ಆಲೂಗಡ್ಡೆ ಮೇಲಿನ ಅರೆಗೆ. ಹೂಕೋಸು ಇದ್ದರೆ ಪಕ್ಕದಲ್ಲಿ.
6:25: ಸ್ಟಫಿಂಗ್ ಮುಚ್ಚಿ, ಕ್ಯಾರೆಟ್ ಟ್ರೇ, ಎರಡೂ ಕೆಳಗಿನ ಅರೆಗೆ. ಒಲೆಯ ಮೇಲೆ ಗ್ರೇವಿ ಬಿಸಿಗೆ. ಟ್ರೇಯ ರಸದಲ್ಲಿ ತೇಲುವ ಜಿಡ್ಡು ತೆಗೆದು ಗ್ರೇವಿಗೆ ಸೇರಿಸಿ.
6:40: ಟರ್ಕಿ ಕತ್ತರಿಸಲು ಶುರು.
6:50: ಬೀನ್ಸ್. ಸ್ಟಫಿಂಗ್ ಮೇಲಿನ ಫಾಯಿಲ್ ತೆಗೆಯಿರಿ.
7:00: ಎಲ್ಲರೂ ಮೇಜಿಗೆ. ನೀವೂ.

ಟರ್ಕಿ ತಡವಾದರೆ ಕಾಲು ಗಂಟೆ ವಿರಾಮದ ಸಮಯದಿಂದ ಕದಿಯಬಹುದು. ಬೇಗ ಬೆಂದರೂ ಚಿಂತೆಯಿಲ್ಲ, ಫಾಯಿಲ್ ಮೇಲೆ ದಪ್ಪ ಟವೆಲ್ ಹೊದಿಸಿದರೆ ಒಂದೂಕಾಲು ಗಂಟೆ ಬಿಸಿ ಉಳಿಯುತ್ತದೆ. ಎರಡು ಕೋಳಿ ಮಾಡುವವರು 4:30ಕ್ಕೆ ಒಳಗಿಟ್ಟರೆ ಸಾಕು. ಕೆಲಸ ಹಂಚುವುದಾದರೆ "ಸ್ವಲ್ಪ ಸಹಾಯ ಮಾಡಿ" ಅನ್ನಬೇಡಿ. ಬೀನ್ಸ್ ಒಬ್ಬರಿಗೆ, ಗ್ರೇವಿ ಒಬ್ಬರಿಗೆ ಅಂತ ಚೀಟಿಯ ಮೇಲೆ ಹೆಸರು ಬರೆದುಬಿಡಿ.

ಕತ್ತರಿಸುವುದು, ಮಿಕ್ಕಿದ್ದು

ಮೊದಲು ಕಾಲು. ತೊಡೆ ಮತ್ತು ಮೈಯ ನಡುವೆ ಚರ್ಮ ಸೀಳಿ, ಕಾಲನ್ನು ಹೊರಗೆ ಬಗ್ಗಿಸಿದರೆ ಕೀಲು ಕಾಣುತ್ತದೆ. ಅಲ್ಲಿ ಚಾಕು ಹಾಕಿ. ಎದೆಯನ್ನು ಹಕ್ಕಿಯ ಮೇಲೇ ತೆಳ್ಳಗೆ ಕೊಯ್ಯುವುದಕ್ಕಿಂತ ಎದೆಮೂಳೆಯ ಉದ್ದಕ್ಕೂ ಸೀಳಿ ಇಡೀ ತುಂಡು ಬಿಡಿಸಿ. ಆಮೇಲೆ ಹಲಗೆಯ ಮೇಲೆ ಅಡ್ಡಕ್ಕೆ ಬೆರಳಗಲದ ಹೋಳು ಮಾಡಿ. ಎಳೆಗೆ ಅಡ್ಡ ಕೊಯ್ದರೆ ಮೆತ್ತಗಿರುತ್ತದೆ, ಪ್ರತಿ ಹೋಳಿಗೂ ಚರ್ಮ ಸಿಗುತ್ತದೆ. ಬಡಿಸುವ ತಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಟ್ಟರೆ ಊಟ ಬೇಗ ಆರುವುದಿಲ್ಲ.

ಊಟ ಮುಗಿದು ಮಾತು ಶುರುವಾದಾಗ ಪಾತ್ರೆಗಳು ಮೇಜಿನ ಮೇಲೇ ಉಳಿದುಬಿಡುತ್ತವೆ. ಓವನ್‌ನಿಂದ ಬಂದ ಎರಡು ಗಂಟೆಯೊಳಗೆ ಎಲ್ಲಾ ಫ್ರಿಜ್ ಸೇರಬೇಕು. ಟರ್ಕಿ ಎಲ್ಲಕ್ಕಿಂತ ಮೊದಲೇ ಹೊರಗೆ ಬಂದು ಬಹಳ ಹೊತ್ತು ಕೂತಿರುವುದರಿಂದ ಅದನ್ನು ಮೊದಲು ಎತ್ತಿಡಿ. ಮಾಂಸವನ್ನು ಮೂಳೆಯಿಂದ ಬಿಡಿಸಿ, ಅಗಲವಾದ ಡಬ್ಬಿಯಲ್ಲಿ ತೆಳುವಾಗಿ ಹರಡಿ. ಮೂರು ನಾಲ್ಕು ದಿನದೊಳಗೆ ತಿನ್ನಿ, ಉಳಿದದ್ದು ಫ್ರೀಜರ್‌ಗೆ. ಬಿಸಿ ಮಾಡುವಾಗ ಮಾಂಸದ ಮೇಲೆ ಎರಡು ಸೌಟು ಗ್ರೇವಿ ಹಾಕಿ ಮುಚ್ಚಿ, ಮತ್ತೆ 74 ಡಿಗ್ರಿ ಬರುವವರೆಗೆ ಕಾಯಿಸಿ. ಮೂಳೆಗಳನ್ನು ಎಸೆಯಬೇಡಿ. ಒಂದು ಈರುಳ್ಳಿ, ನಾಲ್ಕು ಕಾಳುಮೆಣಸು ಹಾಕಿ ಮೂರು ಗಂಟೆ ಕುದಿಸಿ ಸೋಸಿದರೆ 26ರ ಮಧ್ಯಾಹ್ನಕ್ಕೆ ಸೂಪ್. ಮಿಕ್ಕ ಕ್ಯಾರೆಟ್, ಬೀನ್ಸ್, ಮಾಂಸದ ಚೂರು ಎಲ್ಲಾ ಅದಕ್ಕೇ ಹಾಕಿ.